ಹನ್ನೆರಡೂವರೆಯೋ, ಹದಿಮೂರೂವರೆಯೋ?

ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಎಷ್ಟು ಗಂಟೆ ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ‘ಯಾವ ತಾರೀಖಿಗೆ?’ ಎಂದು ಮರುಪ್ರಶ್ನೆ ಹಾಕುತ್ತೇನೆ. ಉಡಾಫೆಯಿಂದಲ್ಲ. ಸಾಫ್ಟ್‌ವೇರ್ ತಂಡಗಳನ್ನು ನಡೆಸುವ ಕೆಲಸದಲ್ಲಿ ಪೆಟ್ಟು ತಿಂದು ಕಲಿತದ್ದು.

ಒಂದು ನವೆಂಬರ್ ಸೋಮವಾರ ರಾತ್ರಿ ಎಂಟೂವರೆಗೆ ನಾವು ಏಳು ಮಂದಿ ಕಂಪ್ಯೂಟರ್ ಮುಂದೆ ಕುಳಿತಿದ್ದೆವು. ಆ ಕಡೆಯಿಂದ ಒಬ್ಬರೂ ಇಲ್ಲ. ಊಟದ ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಬಂದವನೊಬ್ಬ ಗೊಣಗುತ್ತಿದ್ದ. ಒಂಬತ್ತೂವರೆಗೆ ಸರಿಯಾಗಿ, ಕಾಫಿ ಲೋಟ ಹಿಡಿದು, ಅವರು ಪ್ರತ್ಯಕ್ಷರಾದರು. ಅವರ ಪಾಲಿಗೆ ಎಂದಿನಂತೆ ಬೆಳಗಿನ ಎಂಟು ಗಂಟೆ. ತಮಾಷೆಯೆಂದರೆ ಮೊಬೈಲಿನ ಕ್ಯಾಲೆಂಡರ್ ಒಂಬತ್ತೂವರೆ ಎಂದೇ ತೋರಿಸುತ್ತಿತ್ತು. ಅದೇ ತಪ್ಪಿರಬೇಕೆಂದು ಎಲ್ಲರಿಗೂ ‘ಎಂಟೂವರೆ, ಮರೆಯಬೇಡಿ’ ಎಂದು ಸಂದೇಶ ಕಳಿಸಿದವನು ನಾನು.

ಆದದ್ದು ಇಷ್ಟೇ. ಭಾರತ ವರ್ಷವಿಡೀ ಯುಟಿಸಿಗಿಂತ, ಅಂದರೆ ಜಗತ್ತಿನ ಎಲ್ಲ ಊರುಗಳ ಸಮಯವನ್ನು ಅಳೆಯುವ ಮೂಲ ಸಮಯಕ್ಕಿಂತ, ಐದೂವರೆ ಗಂಟೆ ಮುಂದಿರುತ್ತದೆ, ಅಲುಗಾಡುವುದಿಲ್ಲ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಯುಟಿಸಿಗಿಂತ ಎಂಟು ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಹಾಗಾಗಿ ನಮ್ಮಿಬ್ಬರ ಅಂತರ ವರ್ಷದ ಒಂದಷ್ಟು ತಿಂಗಳು ಹನ್ನೆರಡೂವರೆ, ಉಳಿದ ತಿಂಗಳು ಹದಿಮೂರೂವರೆ. ಸಭೆಯನ್ನು ಯಾರ ಊರಿನ ಗಡಿಯಾರಕ್ಕೆ ಕಟ್ಟಿದ್ದೀರಿ ಎಂಬುದೇ ಮುಖ್ಯ. ಅವರದ್ದಕ್ಕೆ ಕಟ್ಟಿದರೆ ನಮ್ಮ ಊಟದ ಹೊತ್ತು ಸರಿಯುತ್ತದೆ. ನಮ್ಮದಕ್ಕೆ ಕಟ್ಟಿದರೆ ಅವರು ಏಳು ಗಂಟೆಗೇ ಕಣ್ಣುಜ್ಜಿಕೊಂಡು ಬರಬೇಕು.

ಲಂಡನ್ ಲೆಕ್ಕ ಇದಕ್ಕಿಂತ ಸಲೀಸು. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿದರೆ ಸಾಕು: ಇಲ್ಲಿ ಮಧ್ಯಾಹ್ನ ಮೂರಾಗಿದ್ದರೆ ಅಲ್ಲಿನ ಒಂಬತ್ತೂವರೆ ಕಾಣುತ್ತದೆ. ಬೇಸಿಗೆಯಾದರೆ ಒಂದು ಗಂಟೆ ಸೇರಿಸಿಕೊಳ್ಳಿ. ಆದರೆ ಲಂಡನ್ನಿನವರು ಗಡಿಯಾರ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು. ಮೂರೂ ಊರಿನವರು ಒಟ್ಟಿಗೆ ಕೂರುವ ಸಭೆಯಿದ್ದರೆ ಮಾರ್ಚ್‌ನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಯಾರ ಬಾಯಿಪಾಠವೂ ಕೆಲಸಕ್ಕೆ ಬಾರದು. ಆ ವಾರಗಳಲ್ಲಿ ನಾನು ಮುಖ್ಯ ಸಭೆಗಳನ್ನೇ ಇಡುವುದಿಲ್ಲ.

ಪ್ರೋಗ್ರಾಮ್ ಬರೆಯುವ ಕಿರಿಯರಿಗೆ ಒಂದು ಮಾತು. ‘ಎಲ್ಲವನ್ನೂ ಯುಟಿಸಿಯಲ್ಲಿ ಉಳಿಸಿಡಿ’ ಎಂದು ಕಲಿಸುತ್ತಾರಲ್ಲ, ಆಗಿಹೋದ ಘಟನೆಗಳಿಗೆ ಅದು ಸರಿ. ಮುಂದಿನ ವರ್ಷದ ಸಭೆಗೆ ಸಾಲದು. ಸ್ಥಳೀಯ ಸಮಯವನ್ನೂ ಸಮಯ ವಲಯದ ಹೆಸರನ್ನೂ, ಅಂದರೆ ‘ಏಷ್ಯಾ/ಕೋಲ್ಕತಾ’ ಎಂಬಂಥದ್ದನ್ನು, ಜೊತೆಗಿಡಿ. ಏಕೆಂದರೆ ಸರ್ಕಾರಗಳು ಮನಸ್ಸು ಬದಲಿಸುತ್ತವೆ. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಗಡಿಯಾರ ತಿರುಗಿಸುವುದನ್ನೇ ಕೈಬಿಟ್ಟಿತು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಇನ್ನೇನು ಕೆಲವೇ ದಿನಗಳಿವೆ ಎನ್ನುವಾಗ ಬದಲಾವಣೆಯನ್ನು ಮುಂದೂಡಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ, ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆಯಿತು. ಇನ್ನು ಪರೀಕ್ಷೆ ಮಾಡುವಾಗ ನವೆಂಬರ್‌ನ ಆ ಭಾನುವಾರವನ್ನು ಮರೆಯಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಅಂದು ನಸುಕಿನ ಒಂದೂವರೆ ಎರಡು ಸಲ ಬರುತ್ತದೆ. ಮಾರ್ಚ್‌ನ ಆ ಭಾನುವಾರ ನಸುಕಿನ ಎರಡೂವರೆ ಬರುವುದೇ ಇಲ್ಲ.

ಭಾರತೀಯ ಸಮಯಕ್ಕೆ (ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್) ಪತ್ರದಲ್ಲಿ ‘ಐಎಸ್‌ಟಿ’ ಎಂದಷ್ಟೇ ಬರೆಯುವವರ ಮೇಲೂ ನನಗೆ ತಕರಾರಿದೆ. ಇಸ್ರೇಲಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. ‘ಬೆಂಗಳೂರು ಸಮಯ’ ಎಂದು ಬರೆದರೆ ಏನು ಗಂಟು ಹೋಗುತ್ತದೆ?

ಇಷ್ಟೆಲ್ಲ ಗೋಜಿಗೆ ಹೋಗದೆ ಗೆದ್ದವರು ಮೈಸೂರಿನ ನಮ್ಮ ಅತ್ತೆ. ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ‘ಇಲ್ಲಿನ ಬೆಳಗ್ಗೆ ಏಳು ಅಂದರೆ ಅಲ್ಲಿ ನಿನ್ನೆ ಸಂಜೆ ಏಳು ಅಂತ ಇಟ್ಟುಕೊಳ್ಳಿ, ಅದರಲ್ಲಿ ಸ್ವಲ್ಪ ಕಳೆಯಿರಿ’ ಎಂದು ನನಗೇ ಪಾಠ ಹೇಳಿದ್ದರು. ಆ ‘ಸ್ವಲ್ಪ’ ಎಷ್ಟು ಎಂಬುದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿದೆ. ನವೆಂಬರ್‌ನ ಮೊದಲ ಭಾನುವಾರದ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ, ನೀಲಿ ಪೆನ್ನಿನಲ್ಲಿ ‘ಒಂದೂವರೆ’ ಎಂದಿದೆ. ಮಾರ್ಚ್ ಪುಟ ತಿರುವಿದರೆ ಎರಡನೇ ಭಾನುವಾರ ‘ಅರ್ಧ’.