ಕೈನಡುಕಕ್ಕೆ ಶಬ್ದದ ಚಿಕಿತ್ಸೆ: ಇಷ್ಟು ವರ್ಷ ಅಡ್ಡ ನಿಂತಿದ್ದು ತಲೆಬುರುಡೆ

ಕಾಫಿ ಕೊಡುವಾಗ "ಅರ್ಧ ಲೋಟ ಸಾಕು" ಎನ್ನುವ ಹಿರಿಯರನ್ನು ನೀವು ನೋಡಿರುತ್ತೀರಿ. ಕಾಫಿ ಬೇಡ ಅಂತಲ್ಲ. ತುಂಬಿದ ಲೋಟ ಬಾಯಿಗೆ ಬರುವಷ್ಟರಲ್ಲಿ ಪಂಚೆ ಮೇಲೆ ಚೆಲ್ಲಿರುತ್ತದೆ. ಕೈ ತೊಡೆ ಮೇಲಿದ್ದಾಗ ಸುಮ್ನೆ ಇರುತ್ತದೆ, ಏನಾದರೂ ಎತ್ತಲು, ಬರೆಯಲು ಹೋದರೆ ನಡುಗುತ್ತದೆ. ಇದು ಎಸೆನ್ಷಿಯಲ್ ಟ್ರೆಮರ್. ಪಾರ್ಕಿನ್ಸನ್ ಬೇರೆ, ಅಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗಲೇ ನಡುಕ ಜಾಸ್ತಿ. "ವಯಸ್ಸಾಯ್ತು", "ಅವರದು ಗಾಬರಿ ಸ್ವಭಾವ" ಎಂದು ನಾವೆಲ್ಲ ಪಕ್ಕಕ್ಕೆ ಸರಿಸಿದ ಕಾಯಿಲೆ ಇದು. ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನಿಂದ ಚೆಕ್ ವಾಪಸ್ ಬಂದಾಗ ಆಗುವ ಅವಮಾನ ಸಣ್ಣದಲ್ಲ.

ಈಗ ಇದಕ್ಕೆ "ಚಾಕು ಇಲ್ಲದ ಆಪರೇಷನ್" ಬಂದಿದೆ ಎಂಬ ವಿಡಿಯೊಗಳು ಫೋನಿನಿಂದ ಫೋನಿಗೆ ಓಡಾಡುತ್ತಿವೆ. ನೋಡಿದವರಿಗೆ ಗೊಂದಲ. ಇದು ಲೇಸರಾ? ಬಸುರಿಯರಿಗೆ ಮಾಡುವ ಸ್ಕ್ಯಾನಿಂಗಾ? ಎದೆಯಲ್ಲಿ ಬ್ಯಾಟರಿ ಇಡ್ತಾರಲ್ಲ, ಅದೇನಾ? ಮೂರೂ ಅಲ್ಲ. ಸ್ಕ್ಯಾನಿಂಗಿನಲ್ಲಿ ಬಳಸುವಂಥ, ಕಿವಿಗೆ ಕೇಳದ ಶಬ್ದದ ಅಲೆಗಳನ್ನೇ (ಅಲ್ಟ್ರಾಸೌಂಡ್) ಮಿದುಳಿನ ಒಂದು ಬಿಂದುವಿಗೆ ಸೇರಿಸಿ ಸುಡುವ ಚಿಕಿತ್ಸೆ ಇದು.

ಮಾತ್ರೆಗಳು ಮೊದಲಿನಿಂದಲೂ ಎರವಲು. ಪ್ರೊಪ್ರನೊಲಾಲ್ ಹೃದಯ, ಬಿಪಿಗೆ ಬಂದದ್ದು, ಪ್ರಿಮಿಡೋನ್ ಮೂರ್ಛೆರೋಗದ್ದು. ಕೆಲವರಿಗೆ ಹಿಡಿಸುತ್ತವೆ, ಬಹಳ ಜನಕ್ಕೆ ಸಾಲುವುದಿಲ್ಲ. 1950ರ ದಶಕದಿಂದಲೇ ವೈದ್ಯರು ಬುರುಡೆಗೆ ತೂತು ಕೊರೆದು, ಮಿದುಳಿನ ಆಳದ ಥಲಾಮಸ್ಸಿನಲ್ಲಿ ಒಂದು ಚುಕ್ಕೆಯನ್ನು ಸುಟ್ಟು ನಡುಕ ನಿಲ್ಲಿಸುತ್ತಿದ್ದರು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ತಂಡ ಸುಡುವ ಬದಲು ಅಲ್ಲೇ ತಂತಿ ಬಿಟ್ಟು ವಿದ್ಯುತ್ ಹರಿಸಿತು. ಬ್ಯಾಟರಿಯ ಚಿಕಿತ್ಸೆ ಶುರುವಾದದ್ದು ಹಾಗೆ. 1997ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಶಬ್ದದ ಕಥೆ ಇವೆಲ್ಲದರ ಪಕ್ಕದಲ್ಲೇ ನಡೆಯುತ್ತಿತ್ತು. ಇಲಿನಾಯ್‌ನ ಫ್ರೈ ಸಹೋದರರು 1950ರ ದಶಕದಲ್ಲೇ ಶಬ್ದದ ಅಲೆಗಳನ್ನು ಒಂದು ಬಿಂದುವಿಗೆ ಸೇರಿಸಿ ಮಿದುಳಿನ ಒಳಗೆ ಸುಡುವುದನ್ನು ಸಾಧಿಸಿದ್ದರು. ಆದರೆ ಅಲೆ ಮೂಳೆ ದಾಟುತ್ತಿರಲಿಲ್ಲ. ಬುರುಡೆ ಬಹಳಷ್ಟು ಶಕ್ತಿಯನ್ನು ತಾನೇ ಹೀರಿ ಬಿಸಿಯಾಗುತ್ತದೆ, ಉಳಿದ ಅಲೆಗಳನ್ನು ದಿಕ್ಕಾಪಾಲು ಮಾಡುತ್ತದೆ. ಹಾಗಾಗಿ ಬುರುಡೆಯ ತುಂಡು ತೆಗೆದೇ ಚಿಕಿತ್ಸೆ ಮಾಡಬೇಕಿತ್ತು. ಹೇಗೂ ಬುರುಡೆ ತೆರೆಯಬೇಕು ಅಂದಮೇಲೆ ಶಬ್ದ ಯಾಕೆ, ಅಲ್ವಾ?

ಈ ಕಗ್ಗಂಟು ಬಿಡಿಸಲು ಸುಮಾರು ನಾಲ್ಕು ದಶಕ ಬೇಕಾಯಿತು. ಬಾಸ್ಟನ್‌ನಲ್ಲಿ ಹೈನಿನೆನ್, ಯೊಲೆಸ್ ಮತ್ತು ಜೊತೆಗಾರರು ಎಂಆರ್‌ಐಯನ್ನೇ ಮಿದುಳಿನೊಳಗಿನ ಥರ್ಮಾಮೀಟರಿನಂತೆ ಬಳಸಿದರು. ಮೂಳೆಯ ದಪ್ಪವನ್ನು ಸಿಟಿ ಸ್ಕ್ಯಾನ್ ಹೇಳಿತು. ರೋಗಿಯ ತಲೆಗೆ ಹಾಕುವ ಹೆಲ್ಮೆಟ್ಟಿನಲ್ಲಿ ಶಬ್ದ ಹೊರಡಿಸುವ 1024 ಪುಟ್ಟ ಬಿಲ್ಲೆಗಳು. ತೇರು ಎಳೆಯುವಾಗ ಎಲ್ಲರ ಬಲ ಒಂದೇ ಕ್ಷಣಕ್ಕೆ ಹಗ್ಗಕ್ಕೆ ಬೀಳಬೇಕಲ್ಲ, ಹಾಗೆ. ಮೂಳೆ ಯಾವ ಅಲೆಯನ್ನು ಎಷ್ಟು ಹಿಂದುಮುಂದು ಮಾಡುತ್ತದೆ ಎಂದು ಲೆಕ್ಕ ಹಾಕಿ, ಕಂಪ್ಯೂಟರ್ ಪ್ರತಿ ಬಿಲ್ಲೆಯ ಸಮಯವನ್ನು ಹೊಂದಿಸುತ್ತದೆ.

ಚಿಕಿತ್ಸೆಯ ದಿನ ತಲೆ ಪೂರ್ತಿ ಬೋಳಿಸುತ್ತಾರೆ. ಕೂದಲಲ್ಲಿ ಸಿಕ್ಕ ಗಾಳಿಗುಳ್ಳೆ ಶಬ್ದಕ್ಕೆ ಅಡ್ಡಿ. ತಲೆ ಅಲ್ಲಾಡದಂತೆ ಚೌಕಟ್ಟನ್ನು ಪಿನ್ನುಗಳಿಂದ ಬಿಗಿಯುತ್ತಾರೆ, ಅದು ನೋಯುತ್ತದೆ. ಹೆಲ್ಮೆಟ್ಟಿನ ಒಳಗೆ ತಣ್ಣೀರು ಹರಿಯುತ್ತಿರುತ್ತದೆ. ರೋಗಿಗೆ ಪೂರ್ತಿ ಎಚ್ಚರ. ಮೊದಲು ಸ್ವಲ್ಪವೇ ಬಿಸಿ ಕೊಟ್ಟು, ಕೈಗೆ ಪೆನ್ನು ಕೊಟ್ಟು ಚಕ್ಕುಲಿಯಂಥ ಸುರುಳಿ ಬರೆಸುತ್ತಾರೆ. ಜಾಗ ಸರಿಯಿದ್ದರೆ ಗರಗಸದ ಹಲ್ಲಿನಂತಿದ್ದ ಗೆರೆ ನಯವಾಗತೊಡಗುತ್ತದೆ. ಆಮೇಲೆ ಬಿಸಿ 55–60 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಕೆಲವೇ ಮಿಲಿಮೀಟರಿನ ಜಾಗ ಸುಟ್ಟುಹೋಗುತ್ತದೆ.

ಈ ಸುಡುವ ಮಾತನ್ನೇ ವಿಡಿಯೊಗಳು ಮೆಲ್ಲಗೆ ದಾಟಿಸಿಬಿಡುತ್ತವೆ. ಚಾಕು ಇಲ್ಲ ಎಂಬುದು ನಿಜ. ಗಾಯ ಇಲ್ಲ ಎಂಬುದು ನಿಜವಲ್ಲ. ಬ್ಯಾಟರಿಯನ್ನು ಆಫ್ ಮಾಡಬಹುದು, ಸುಟ್ಟ ಚುಕ್ಕೆ ತಿರುಗಿ ಬರುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಿದರೆ ಯಾರೂ ಹೆದರಿ ಓಡುವುದಿಲ್ಲ, ಬದಲಿಗೆ ಯೋಚಿಸಿ ಒಪ್ಪುತ್ತಾರೆ.

ಲಾಭವಂತೂ ದೊಡ್ಡದೇ. ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ ಇಲಿಯಾಸ್ 2011ರಲ್ಲಿ 15 ಜನರ ಮೇಲೆ ಪ್ರಯೋಗ ಮಾಡಿದರು. ನಂತರ ಹಲವು ದೇಶಗಳ 76 ಜನ ಸೇರಿದರು. ಅವರಲ್ಲಿ 20 ಮಂದಿಗೆ ಹೆಲ್ಮೆಟ್ ಹಾಕಿ, ಶಬ್ದ ಮಾತ್ರ ಬಿಡಲಿಲ್ಲ. 2016ರ ವರದಿಯ ಪ್ರಕಾರ ಮೂರು ತಿಂಗಳಿಗೆ ಚಿಕಿತ್ಸೆ ಪಡೆದವರ ಕೈನಡುಕದ ಅಂಕ 47% ಇಳಿದಿತ್ತು, ಮಿಕ್ಕವರದು ಇದ್ದಲ್ಲೇ ಇತ್ತು. ವರ್ಷದ ಹೊತ್ತಿಗೆ ಸುಧಾರಣೆ 40%ಕ್ಕೆ ನಿಂತಿತು. ಆಗಲೂ 14% ಜನರಿಗೆ ಜೋಮು, 9% ಜನರಿಗೆ ನಡಿಗೆಯ ತೊಂದರೆ ಉಳಿದಿತ್ತು. 2016ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು, ಮಿದುಳಿನ ಒಂದು ಬದಿಗೆ ಮಾತ್ರ.

ಕೆಲವರ ಬುರುಡೆ ಇಂದಿಗೂ ಶಬ್ದವನ್ನು ಸಾಕಷ್ಟು ಒಳಗೆ ಬಿಡುವುದಿಲ್ಲ. ಸಿಟಿ ಸ್ಕ್ಯಾನ್ ನೋಡಿ ಅವರನ್ನು ವಾಪಸ್ ಕಳಿಸಬೇಕಾಗುತ್ತದೆ. ಭಾರತದಲ್ಲಿ ಈ ಯಂತ್ರ ಇರುವ ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ದೂರದೂರಿಗೆ ಟಿಕೆಟ್ ಮಾಡಿಸುವ ಮುಂಚೆ ಆ ಸ್ಕ್ಯಾನಿನ ಬಗ್ಗೆ ಕೇಳಿಕೊಳ್ಳುವುದು ಒಳ್ಳೆಯದು.

ಬಲಗೈಗೆ ಮಾಡಿಸಿಕೊಂಡವರ ಎಡಗೈ ನಡುಗುತ್ತಲೇ ಇರುತ್ತದೆ. ಎರಡೂ ಬದಿ ಸುಟ್ಟರೆ ಮಾತು ತೊದಲುವ, ನುಂಗಲು ಕಷ್ಟವಾಗುವ ಭಯ ಹಳೆಯ ಆಪರೇಷನ್ನಿನ ಕಾಲದಿಂದಲೂ ಇದೆ. 2022ರ ಡಿಸೆಂಬರಿನಲ್ಲಿ ಎಫ್‌ಡಿಎ ಎರಡನೇ ಬದಿಗೂ ದಾರಿ ಬಿಟ್ಟಿತು. ಆದರೆ ಮೊದಲನೆಯದು ಮುಗಿದು ಕನಿಷ್ಠ ಒಂಬತ್ತು ತಿಂಗಳು ಕಳೆದಿರಬೇಕು. ಅಲ್ಲಿಯವರೆಗೆ ಬರೆಯುವ ಕೈ ಬರೆಯುತ್ತದೆ, ಕಾಗದ ಹಿಡಿದ ಕೈ ಕಾಯುತ್ತದೆ.