310 ರೂಪಾಯಿಯ ಬಲ್ಬು 38ಕ್ಕೆ ಇಳಿದ ಬಗೆ

ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಬಿಳಿ ಪ್ಲಾಸ್ಟಿಕ್ ಬುರುಡೆಯನ್ನು ತಿರುಚಿ ತೆಗೆದರೆ ಒಳಗೆ ದುಂಡನೆಯ ಅಲ್ಯೂಮಿನಿಯಂ ಬಿಲ್ಲೆಯೊಂದು ಕಾಣುತ್ತದೆ. ಅದರ ಮೇಲೆ ಜೋಳದ ಕಾಳಿಗಿಂತ ಚಿಕ್ಕದಾದ ಹಳದಿ ಚೌಕಗಳು ಸುತ್ತಲೂ ಸಾಲಾಗಿ ಕೂತಿರುತ್ತವೆ. ಬಿಲ್ಲೆಯ ಕೆಳಗೆ, ಹೋಲ್ಡರಿಗೆ ಸಿಕ್ಕಿಸುವ ಭಾಗದಲ್ಲಿ, 230 ವೋಲ್ಟಿನ ಎಸಿ ವಿದ್ಯುತ್ತನ್ನು ಆ ಚೌಕಗಳಿಗೆ ಒಗ್ಗುವ ಡಿಸಿಯಾಗಿ ಬದಲಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದನ್ನು ಡ್ರೈವರ್ ಎನ್ನುತ್ತಾರೆ. ನಾನು ಬಿಚ್ಚಿ ನೋಡಿದ ಒಂದು ಬಲ್ಬಿನಲ್ಲಿ ಡ್ರೈವರಿನ ಕೆಪಾಸಿಟರ್ ಉಬ್ಬಿಕೊಂಡಿತ್ತು. ಇನ್ನೊಂದರಲ್ಲಿ ಒಂದೇ ಒಂದು ಹಳದಿ ಚೌಕದ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯಿತ್ತು. ಚೌಕಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬು ಆರಿಹೋಗುತ್ತದೆ.

ಇಷ್ಟು ಸಣ್ಣ ವಸ್ತು ನಮ್ಮ ಮನೆಯ ಮಾಡಿಗೆ ಬಂದು ತಲುಪಲು ಮೂರು ದೇಶಗಳ ಸರ್ಕಾರಗಳು ಮೂರು ಬೇರೆ ಬೇರೆ ಘಟ್ಟಗಳಲ್ಲಿ ಕೈಜೋಡಿಸಬೇಕಾಯಿತು. ಸರ್ಕಾರದ ನೀತಿ ತಂತ್ರಜ್ಞಾನವನ್ನು ಬೆಳೆಸುತ್ತದೆ ಎಂದಾಗ ನಮಗೆ ಸಾಮಾನ್ಯವಾಗಿ ನೆನಪಾಗುವುದು ಪ್ರಯೋಗಾಲಯಕ್ಕೆ ಕೊಡುವ ಅನುದಾನ ಇಲ್ಲವೇ ಕಾರ್ಖಾನೆಗೆ ಕೊಡುವ ತೆರಿಗೆ ವಿನಾಯಿತಿ. ಎಲ್‌ಇಡಿ ಬಲ್ಬಿನ ಕಥೆಯಲ್ಲಿ ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಮೂರನೆಯ ಒಂದು ಪಾತ್ರ: ನೆಚ್ಚಿಕೊಳ್ಳಬಹುದಾದ ಗಿರಾಕಿಯಾಗಿ ಸರ್ಕಾರವೇ ಮಾರುಕಟ್ಟೆಗೆ ಇಳಿಯುವುದು.

ಹಳೆಯ ತಂತಿ ಬಲ್ಬು ಬೆಳಗುವುದು ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕೆಂಡವಾಗುವುದರಿಂದ. ಅದು ಹೀರುವ ವಿದ್ಯುತ್ತಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗಿಬಿಡುತ್ತದೆ. ಎಲ್‌ಇಡಿಯಲ್ಲಿ ಕಾಯಿಸುವ ಕೆಲಸವೇ ಇಲ್ಲ. ಎರಡು ಬಗೆಯ ಅರೆವಾಹಕ ಪದರಗಳು ಕೂಡುವ ಗಡಿಯಲ್ಲಿ ಎಲೆಕ್ಟ್ರಾನ್ ಹೆಚ್ಚು ಶಕ್ತಿಯ ನೆಲೆಯಿಂದ ಕಡಿಮೆ ಶಕ್ತಿಯ ನೆಲೆಗೆ ಬೀಳುತ್ತದೆ, ಆ ವ್ಯತ್ಯಾಸ ನೇರವಾಗಿ ಬೆಳಕಾಗಿ ಹೊಮ್ಮುತ್ತದೆ. ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಆ ವ್ಯತ್ಯಾಸದ ಪ್ರಮಾಣ. ಕೆಂಪು ಎಲ್‌ಇಡಿ 1960ರ ದಶಕದಲ್ಲೇ ಬಂದಿತ್ತು. ನೀಲಿ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಬಲ್ಬಿನೊಳಗಿನ ಹಳದಿ ಚೌಕದ ಅಡಿಯಲ್ಲಿ ಇರುವುದು ನೀಲಿ ಎಲ್‌ಇಡಿಯೇ. ಮೇಲೆ ಲೇಪಿಸಿದ ಹಳದಿ ಫಾಸ್ಫರ್ ನೀಲಿಯ ಒಂದಿಷ್ಟನ್ನು ಹಳದಿಯಾಗಿ ಮಾರ್ಪಡಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ.

ನೀಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದಂತೆ ಬೆಳೆಸುವುದು ಬಹುಪಾಲು ಸಂಶೋಧಕರು ಕೈಬಿಟ್ಟಿದ್ದ ಕೆಲಸವಾಗಿತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಸಾಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೊ 1986ರಲ್ಲಿ ನೀಲಮಣಿಯ ತಳದ ಮೇಲೆ ಒಳ್ಳೆಯ ಹರಳನ್ನು ಬೆಳೆಸಿ ತೋರಿಸಿದರು. ಮರುವರ್ಷವೇ ಅಲ್ಲಿನ ಸರ್ಕಾರಿ ಸಂಶೋಧನಾ ಅಭಿವೃದ್ಧಿ ನಿಗಮವು ಇದನ್ನು ಮಾರಾಟದ ವಸ್ತುವಾಗಿಸುವ ಹೊಣೆಯನ್ನು ಟೊಯೊಡಾ ಗೊಸೆ ಕಂಪನಿಗೆ ವಹಿಸಿ ಹಣದ ನೆರವು ನೀಡಿತು. ನಿಚಿಯಾ ಎಂಬ ಖಾಸಗಿ ಕಂಪನಿಯಲ್ಲಿದ್ದ ಶುಜಿ ನಕಾಮುರಾ ತಮ್ಮದೇ ದಾರಿಯಲ್ಲಿ 1993ರ ಹೊತ್ತಿಗೆ ಪ್ರಖರ ನೀಲಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದರು. ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಲಾಭ ಎಂದು ಬರುವುದೋ ತಿಳಿಯದ ಘಟ್ಟದಲ್ಲಿ ಸಾರ್ವಜನಿಕ ಹಣ ಹೂಡುವುದು ಎಷ್ಟು ಫಲ ಕೊಡಬಲ್ಲುದು ಎಂಬುದಕ್ಕೆ ನಗೋಯಾದಲ್ಲೇ ಸಾಕ್ಷಿಯಿದೆ: ಪೇಟೆಂಟಿನ ರಾಯಧನದಿಂದ ವಿಶ್ವವಿದ್ಯಾಲಯ ಅಕಸಾಕಿಯವರ ಹೆಸರಿನ ಸಂಶೋಧನಾ ಕಟ್ಟಡವನ್ನೇ ಕಟ್ಟಿಸಿತು.

ಎರಡನೆಯ ಘಟ್ಟ ಅಮೆರಿಕದ್ದು. 2007ರ ಇಂಧನ ಕಾಯ್ದೆಯ ಅಡಿಯಲ್ಲಿ ಅಲ್ಲಿನ ಇಂಧನ ಇಲಾಖೆ ಸ್ಪರ್ಧೆಯೊಂದನ್ನು ಏರ್ಪಡಿಸಿತು. 60 ವ್ಯಾಟಿನ ಬಲ್ಬಿನ ಜಾಗಕ್ಕೆ ಕೂರಬೇಕು, 10 ವ್ಯಾಟಿಗಿಂತ ಕಡಿಮೆ ವಿದ್ಯುತ್ ಬಳಸಬೇಕು, 900 ಲ್ಯೂಮೆನ್ನಿಗಿಂತ ಹೆಚ್ಚು ಬೆಳಕು ಕೊಡಬೇಕು, 25,000 ಗಂಟೆಗೂ ಹೆಚ್ಚು ಬಾಳಬೇಕು. ಗೆದ್ದವರಿಗೆ 1 ಕೋಟಿ ಡಾಲರ್. 2011ರಲ್ಲಿ ಫಿಲಿಪ್ಸ್ ಗೆದ್ದಿತು. ಆದರೆ ಮರುವರ್ಷ ಅಂಗಡಿಗೆ ಬಂದ ಆ ಬಲ್ಬಿನ ಬೆಲೆ 50 ಡಾಲರಿನ ಆಸುಪಾಸಿನಲ್ಲಿತ್ತು. ಶೋಧ ಪೂರ್ತಿಯಾಗಿತ್ತು, ಕೊಳ್ಳುವ ಕೈಗೆ ಅದು ಎಟುಕುವಂತಿರಲಿಲ್ಲ.

ಭಾರತದ ಪಾಲು ಶುರುವಾಗುವುದು ಇಲ್ಲಿಂದ, ಅದೂ ಒಂದು ಸೋಲಿನ ನಂತರ. 2009ರಲ್ಲಿ ಕೇಂದ್ರ ಸರ್ಕಾರ ‘ಬಚತ್ ಲ್ಯಾಂಪ್ ಯೋಜನೆ’ಯ ಮೂಲಕ ಸಿಎಫ್‌ಎಲ್ ದೀಪಗಳನ್ನು ತಂತಿ ಬಲ್ಬಿನ ಬೆಲೆಗೇ, ಅಂದರೆ 15 ರೂಪಾಯಿಗೆ, ಕೊಡಿಸಲು ಹೊರಟಿತ್ತು. ಉಳಿದ ವೆಚ್ಚವನ್ನು ಅಂತರರಾಷ್ಟ್ರೀಯ ಕಾರ್ಬನ್ ಕ್ರೆಡಿಟ್ (ಇಂಗಾಲದ ಹೊಗೆ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರಾಟದಿಂದ ತುಂಬಿಕೊಳ್ಳುವ ಲೆಕ್ಕ ಅದು. ಕೆಲವೇ ವರ್ಷಗಳಲ್ಲಿ ಕಾರ್ಬನ್ ಕ್ರೆಡಿಟ್ಟಿನ ಬೆಲೆ ನೆಲಕಚ್ಚಿತು, ಯೋಜನೆಯ ಆಧಾರವೇ ಕುಸಿಯಿತು. ನಮ್ಮ ಹಿಡಿತದಲ್ಲಿಲ್ಲದ ಆದಾಯವನ್ನು ನಂಬಿ ಜನರ ಮನೆಗೆ ತಂತ್ರಜ್ಞಾನ ಮುಟ್ಟಿಸುವ ಯೋಜನೆ ಕಟ್ಟಬಾರದೆಂಬ ಪಾಠವನ್ನು ಆಡಳಿತ ಇದರಿಂದ ಕಲಿತಿತು ಎಂದೇ ನನ್ನ ನಂಬಿಕೆ. ಮುಂದಿನ ಯೋಜನೆಯ ರಚನೆಯಲ್ಲಿ ಆ ಎಚ್ಚರ ಎದ್ದು ಕಾಣುತ್ತದೆ.

ಒಂದು ಸರಳ ಲೆಕ್ಕ ನೋಡೋಣ. 60 ವ್ಯಾಟಿನ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ 51 ವ್ಯಾಟ್ ಉಳಿಯುತ್ತದೆ. ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 93 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ 550 ರೂಪಾಯಿಗೂ ಮೇಲೆ. 300 ರೂಪಾಯಿ ಕೊಟ್ಟು ಕೊಂಡರೂ ಆರೇಳು ತಿಂಗಳಲ್ಲಿ ಹಣ ಹಿಂತಿರುಗುತ್ತದೆ. ಇಷ್ಟು ಲಾಭವಿದ್ದರೂ ಜನ ಕೊಳ್ಳಲಿಲ್ಲವೆಂದರೆ ಅದು ತಿಳಿವಳಿಕೆಯ ಕೊರತೆಯಲ್ಲ. ದಿನಗೂಲಿಯ ಮನೆಯಲ್ಲಿ ಇವತ್ತು 300 ರೂಪಾಯಿ ಒಟ್ಟಿಗೆ ತೆಗೆಯುವುದು ಬೇರೆ, ಮುಂದಿನ ಹನ್ನೆರಡು ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಉಳಿಯುವುದು ಬೇರೆ. ಇತ್ತ ಜನ ಕೊಳ್ಳದಿದ್ದರಿಂದ ತಯಾರಕರು ದೊಡ್ಡ ಪ್ರಮಾಣದಲ್ಲಿ ಮಾಡಲಿಲ್ಲ, ದೊಡ್ಡ ಪ್ರಮಾಣದಲ್ಲಿ ಮಾಡದ್ದರಿಂದ ಬೆಲೆ ಇಳಿಯಲಿಲ್ಲ. ಈ ಕಗ್ಗಂಟನ್ನು ಬಿಡಿಸಲು ಹೊರಗಿನಿಂದ ಒಂದು ಕೈ ಬೇಕಿತ್ತು.

ಆ ಕೈ ವಿದ್ಯುತ್ ಸಚಿವಾಲಯದ ಅಡಿಯಲ್ಲಿ 2009ರಲ್ಲಿ ಸ್ಥಾಪನೆಯಾಗಿದ್ದ ಇಇಎಸ್‌ಎಲ್ ಎಂಬ ಸಾರ್ವಜನಿಕ ಕಂಪನಿಯದು. ಅದು ಬಲ್ಬು ತಯಾರಿಸಲಿಲ್ಲ. ಹಲವು ರಾಜ್ಯಗಳ ಬೇಡಿಕೆಯನ್ನು ಒಂದೆಡೆ ಕೂಡಿಸಿ ಟೆಂಡರ್ ಕರೆಯಿತು. 2014ರ ಆರಂಭದಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಬಿತ್ತು. ಮುಂದಿನ ಟೆಂಡರುಗಳ ಗಾತ್ರ ಬೆಳೆದಂತೆ ಬೆಲೆ ಇಳಿಯುತ್ತಾ ಬಂದು 2016ರ ಮಾರ್ಚ್ ಹೊತ್ತಿಗೆ 55 ರೂಪಾಯಿಗೆ, ಅದೇ ವರ್ಷದಲ್ಲಿ 38 ರೂಪಾಯಿಗೆ ಮುಟ್ಟಿತು. ಜಗತ್ತಿನಾದ್ಯಂತ ಎಲ್‌ಇಡಿ ಚಿಪ್‌ಗಳ ಬೆಲೆ ಆಗ ಕುಸಿಯುತ್ತಿದ್ದದ್ದೂ ಇದಕ್ಕೆ ನೆರವಾಯಿತು, ಅದನ್ನು ಮರೆಯುವಂತಿಲ್ಲ. ಆದರೆ ಕೋಟಿಗಟ್ಟಲೆ ಬಲ್ಬಿಗೆ ಗಿರಾಕಿ ಖಚಿತವಾಗಿ ಇದ್ದಾನೆ ಎಂಬ ಭರವಸೆ ಇಲ್ಲದೆ ತಯಾರಕರು ಹೊಸ ಯಂತ್ರಗಳಿಗೆ ಅಷ್ಟು ಬೇಗ ಹಣ ಹೂಡುತ್ತಿರಲಿಲ್ಲ. ಜತೆಗೆ ಗುಣಮಟ್ಟದ ಕರಾರು ಇತ್ತು, ಕೆಟ್ಟರೆ ಮೂರು ವರ್ಷದೊಳಗೆ ಬದಲಿಸಿಕೊಡುವ ಖಾತರಿ ಇತ್ತು. ಅಗ್ಗದ ಬಲ್ಬು ತಿಂಗಳೊಪ್ಪತ್ತಿನಲ್ಲಿ ಆರಿಹೋದರೆ ಜನ ಆ ತಂತ್ರಜ್ಞಾನವನ್ನೇ ಹಳಿಯುತ್ತಾರೆ.

2015ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾಗಿ ಮುಂದೆ ‘ಉಜಾಲಾ’ ಎಂಬ ಹೆಸರು ಪಡೆದ ಈ ಯೋಜನೆ ಕರ್ನಾಟಕಕ್ಕೆ ಅದೇ ವರ್ಷದ ಕೊನೆಯಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಯೋಜನೆಯ ಮೂಲ ರೂಪದಲ್ಲಿ ಗ್ರಾಹಕರು ಮುಂಗಡವಾಗಿ 10 ರೂಪಾಯಿ ಕೊಟ್ಟು, ಉಳಿದದ್ದನ್ನು ವಿದ್ಯುತ್ ಬಿಲ್ಲಿನಲ್ಲಿಯೇ ತಿಂಗಳಿಗೆ 10 ರೂಪಾಯಿಯ ಕಂತಿನಲ್ಲಿ ತೀರಿಸಬಹುದಿತ್ತು. ಉಳಿತಾಯದಿಂದಲೇ ಸಾಲ ತೀರುವಂತಹ ಏರ್ಪಾಡು ಇದು. ಬಲ್ಬಿನ ತಂತ್ರದಷ್ಟೇ ಜಾಣ್ಮೆ ಈ ಕಂತಿನಲ್ಲಿಯೂ ಇದೆ ಎಂದು ನನಗೆ ಅನಿಸುತ್ತದೆ.

ಇದರಲ್ಲಿ ವಿದ್ಯುತ್ ಸರಬರಾಜು ಕಂಪನಿಗಳಿಗೆ ಏನು ಲಾಭ? ಬಡ ಮನೆಗಳಿಗೆ ಅವು ಕೊಳ್ಳುವ ಬೆಲೆಗಿಂತ ಕಡಿಮೆ ದರದಲ್ಲಿ ವಿದ್ಯುತ್ ಕೊಡುವುದರಿಂದ ಅಲ್ಲಿ ಉಳಿದ ಪ್ರತಿ ಯೂನಿಟ್ಟೂ ನಷ್ಟದ ಕಡಿತವೇ. ಅದಕ್ಕಿಂತ ಮುಖ್ಯವಾದದ್ದು ಸಂಜೆಯ ಹೊತ್ತು. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಇಡೀ ರಾಜ್ಯದ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆ ಕೆಲವೇ ಗಂಟೆಗಳ ಬೇಡಿಕೆಗಾಗಿ ಶರಾವತಿಯ ನೀರನ್ನು ಹಿಡಿದಿಟ್ಟುಕೊಳ್ಳಬೇಕು, ಸಾಲದಿದ್ದರೆ ಹೊರಗಿನಿಂದ ದುಬಾರಿ ವಿದ್ಯುತ್ ತರಬೇಕು. ದೀಪದ ಹೊರೆ ತಗ್ಗಿದರೆ ತಗ್ಗುವುದು ಇದೇ ದುಬಾರಿ ಹೊತ್ತಿನ ಹೊರೆ.

ದೇಶದಲ್ಲಿ ಈ ಯೋಜನೆಯಡಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾಗಿವೆ. ಅದರಿಂದ ವರ್ಷಕ್ಕೆ ಸುಮಾರು 4,800 ಕೋಟಿ ಯೂನಿಟ್ ಉಳಿಯುತ್ತದೆ ಎಂಬುದು ಸರ್ಕಾರದ ಅಂದಾಜು. ಅಂದಾಜನ್ನು ಅಂದಾಜಾಗಿಯೇ ಓದಬೇಕು: ಕೆಲವು ಎಲ್‌ಇಡಿಗಳು ತಂತಿ ಬಲ್ಬಿನ ಬದಲು ಸಿಎಫ್‌ಎಲ್‌ನ ಜಾಗಕ್ಕೆ ಬಂದಿರುತ್ತವೆ, ಬೆಳಕು ಅಗ್ಗವಾದಾಗ ಜಗಲಿಯ ದೀಪವನ್ನು ಇನ್ನಷ್ಟು ಹೊತ್ತು ಉರಿಸುವವರೂ ಇರುತ್ತಾರೆ.

ಇಷ್ಟಾದರೂ ಆ ಹಳದಿ ಚೌಕದೊಳಗಿನ ಚಿಪ್ ಇಂದಿಗೂ ಹೆಚ್ಚಾಗಿ ಆಮದಾಗಿಯೇ ಬರುತ್ತದೆ. ಹೊಸ ತಂತ್ರವನ್ನು ಬಳಕೆಗೆ ತರುವುದರಲ್ಲಿ ನಾವು ಗೆದ್ದೆವು, ಅದರ ತಿರುಳನ್ನು ಇಲ್ಲಿಯೇ ತಯಾರಿಸುವುದರಲ್ಲಿ ಹಿಂದೆಯೇ ಉಳಿದೆವು. ಸರ್ಕಾರ 2021ರಲ್ಲಿ ಹವಾನಿಯಂತ್ರಕ (ಏರ್ ಕಂಡಿಷನರ್) ಮತ್ತು ಎಲ್‌ಇಡಿ ಬಿಡಿಭಾಗಗಳ ಉತ್ಪಾದನೆಗೆ ಪ್ರೋತ್ಸಾಹಧನವಾಗಿ 6,238 ಕೋಟಿ ರೂಪಾಯಿ ತೆಗೆದಿರಿಸಿದ್ದು ಈ ಕೊರತೆ ತುಂಬಲೆಂದೇ. ಅಗ್ಗವಾಗಿ ಕೊಳ್ಳುವ ಟೆಂಡರ್ ಮೂರು ವರ್ಷದೊಳಗೆ ಫಲ ಕೊಟ್ಟಿತು. ಹರಳು ಬೆಳೆಸುವ ವಿದ್ಯೆಗೆ ನಗೋಯಾದಲ್ಲಿ ಹಿಡಿದಷ್ಟು ತಾಳ್ಮೆ ಬೇಕು.

ಈಗ ಸರದಿ ಫ್ಯಾನಿನದು. ಸಾಮಾನ್ಯ ಸೀಲಿಂಗ್ ಫ್ಯಾನು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರಿನ ಫ್ಯಾನಿಗೆ 30 ವ್ಯಾಟಿನ ಆಸುಪಾಸು ಸಾಕು. 2023ರ ಜನವರಿಯಿಂದ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ, ಅದೇ ವರ್ಷ ಇಇಎಸ್‌ಎಲ್ 1 ಕೋಟಿ ಫ್ಯಾನುಗಳ ಗುರಿ ಇಟ್ಟುಕೊಂಡು ಹೊರಟಿದೆ. ಬಲ್ಬಿನ ಲೆಕ್ಕ ಇಲ್ಲಿಯೂ ಹೊಂದುತ್ತದೆ, ಒಂದು ತೊಡಕಿನ ಹೊರತು. ತಂತಿ ಬಲ್ಬು ವರ್ಷದೊಳಗೆ ತಾನಾಗಿ ಸುಟ್ಟುಹೋಗಿ ಹೊಸದಕ್ಕೆ ಜಾಗ ಬಿಡುತ್ತಿತ್ತು. ನಮ್ಮ ನಡುಮನೆಯ ಫ್ಯಾನು ಇಪ್ಪತ್ತು ವರ್ಷದಿಂದ ತಿರುಗುತ್ತಿದೆ, ಎರಡು ಸಲ ಕೆಪಾಸಿಟರ್ ಬದಲಿಸಿದ್ದು ಬಿಟ್ಟರೆ ಅದಕ್ಕೆ ಇನ್ನೇನೂ ಆಗಿಲ್ಲ.