ಮನೆ ಕಟ್ಟುತ್ತಿದ್ದವನ ಸುರುಳಿ ತಂತಿ: ಟಿಡಬ್ಲ್ಯೂಟಿ ಯಾರ ಆವಿಷ್ಕಾರ?

ಉಪಗ್ರಹಗಳಲ್ಲಿ, ರೇಡಾರ್‌ಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಒಂದು ನಿರ್ವಾತ ಕೊಳವೆ (ವ್ಯಾಕ್ಯೂಮ್ ಟ್ಯೂಬ್) ಇದೆ. ಸಣ್ಣ ರೇಡಿಯೋ ಸಿಗ್ನಲ್ಲನ್ನು ದೊಡ್ಡದು ಮಾಡುವುದು ಅದರ ಕೆಲಸ. ಹೆಸರು ಟ್ರಾವೆಲಿಂಗ್ ವೇವ್ ಟ್ಯೂಬ್, ಚಿಕ್ಕದಾಗಿ ಟಿಡಬ್ಲ್ಯೂಟಿ. ಇದನ್ನು ಕಂಡುಹಿಡಿದವರು ಯಾರು ಅಂತ ಹುಡುಕಿದರೆ ಒಂದು ಕಡೆ ರುಡಾಲ್ಫ್ ಕಾಂಫ್ನರ್, 1943 ಎಂದಿರುತ್ತದೆ. ಇನ್ನೊಂದು ಕಡೆ ನಿಲ್ಸ್ ಲಿಂಡೆನ್‌ಬ್ಲಾಡ್, 1940. ಮತ್ತೂ ಹಿಂದೆ ಹೋದರೆ ಆಂಡ್ರ್ಯೂ ಹೇಫ್, 1933. ಮೂರರಲ್ಲಿ ಒಂದೂ ಸುಳ್ಳಲ್ಲ. ತಲೆ ಕೆಡುವುದೇ ಅಲ್ಲಿ.

ಮೊದಲು ಕಾಂಫ್ನರ್ ಕಥೆ. ಹುಟ್ಟಿದ್ದು 1909ರಲ್ಲಿ, ವಿಯೆನ್ನಾದಲ್ಲಿ. ಓದಿದ್ದು ಆರ್ಕಿಟೆಕ್ಚರ್. ಯಹೂದಿಗಳಿಗೆ ಅಲ್ಲಿ ದಿನಗಳು ಕೆಡುತ್ತಿದ್ದಾಗ, 1934ರಲ್ಲಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನ ಒಂದು ಕಟ್ಟಡ ಕಂಪನಿ ನಡೆಸುತ್ತಿದ್ದರು. ಹಗಲು ಇಟ್ಟಿಗೆ, ಗಾರೆ. ಬಿಡುವು ಸಿಕ್ಕರೆ ಪೇಟೆಂಟ್ ಆಫೀಸಿನ ಲೈಬ್ರರಿಯಲ್ಲಿ ಭೌತವಿಜ್ಞಾನ. ಯಾರೂ ಹೇಳಿ ಮಾಡಿಸಿದ್ದಲ್ಲ, ಸುಮ್ನೆ ಹುಚ್ಚು. 1940ರಲ್ಲಿ ಶತ್ರು ದೇಶದವರು ಅಂತ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಬಿಟ್ಟ ಮೇಲೆ, 1941ರಲ್ಲಿ, ಅದೇ ದೇಶದ ಗುಟ್ಟಿನ ರೇಡಾರ್ ಸಂಶೋಧನೆಗೆ ಕರೆದರು. ವಿಚಿತ್ರ ಅಲ್ವಾ?

ಕರೆ ಬಂದದ್ದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ. ಭೌತವಿಜ್ಞಾನಿ ಮಾರ್ಕ್ ಆಲಿಫ್ಯಾಂಟ್ ಅವರ ವಿಭಾಗ. ಅಲ್ಲೇ 1940ರ ಫೆಬ್ರುವರಿಯಲ್ಲಿ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ, ರೇಡಾರ್ ಅಲೆ ಹುಟ್ಟಿಸುವ ಕೊಳವೆಯನ್ನು ಓಡಿಸಿದ್ದರು. ಸೆಂಟಿಮೀಟರ್ ಅಲೆಗಳನ್ನು ಜೋರಾಗಿ ಕಳಿಸುವ ಕಷ್ಟ ಅದರಿಂದ ತೀರಿತ್ತು. ವಾಪಸ್ ಬರುವ ಪ್ರತಿಧ್ವನಿ ಮಾತ್ರ ತೀರಾ ಸಣ್ಣದು. ಅದನ್ನು ದೊಡ್ಡದು ಮಾಡಲು ಕ್ಲೈಸ್ಟ್ರಾನ್ ಎಂಬ ಹಳೆಯ ಬಗೆಯ ಕೊಳವೆ ಹಾಕಿದರೆ ಅದರದ್ದೇ ನಾಯ್ಸ್ (ಬೇಡದ ಗದ್ದಲ) ಸಿಗ್ನಲ್ಲನ್ನು ನುಂಗುತ್ತಿತ್ತು. ಕಡಿಮೆ ನಾಯ್ಸಿನ ಕ್ಲೈಸ್ಟ್ರಾನ್ ಮಾಡುವ ಕೆಲಸ ಕಾಂಫ್ನರ್ ಪಾಲಿಗೆ ಬಂತು.

ಕ್ಲೈಸ್ಟ್ರಾನಿನಲ್ಲಿ ಎಲೆಕ್ಟ್ರಾನುಗಳು ಒಂದು ಕಿರಿದಾದ ಸಂದಿಯನ್ನು ಕ್ಷಣದಲ್ಲಿ ದಾಟಿಬಿಡುತ್ತವೆ. ಅಲೆಯ ಜೊತೆ ಅವುಗಳ ಒಡನಾಟ ಅಷ್ಟೇ. ಹಾಗಾದರೆ ಅಲೆಯೂ ಅವುಗಳ ಪಕ್ಕದಲ್ಲೇ ನಡೆದುಕೊಂಡು ಬಂದರೆ? ತೊಂದರೆ ವೇಗದ್ದು. ಕೆಲವು ಸಾವಿರ ವೋಲ್ಟ್ ಕೊಟ್ಟರೂ ಎಲೆಕ್ಟ್ರಾನ್ ಓಡುವುದು ಬೆಳಕಿನ ವೇಗದ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ. ಅಲೆಯೋ ಬೆಳಕಿನ ವೇಗದಲ್ಲೇ ಹೋಗುತ್ತದೆ. ಅದಕ್ಕೆ ಅಲೆಯನ್ನು ಸುರುಳಿ ತಂತಿಯ ಮೇಲೆ ಓಡಿಸಿದರು. ಸುರುಳಿ ಮೆಟ್ಟಿಲು ನೆನಪಿಸಿಕೊಳ್ಳಿ: ಎಷ್ಟು ಜೋರಾಗಿ ಸುತ್ತಿದರೂ ಮೇಲೆ ಏರುವುದು ನಿಧಾನ. ಆರ್ಕಿಟೆಕ್ಟ್‌ಗೆ ಇದು ಹೊಳೆದದ್ದು ಮೆಟ್ಟಿಲಿನಿಂದ ಅಂತ ಹೇಳುತ್ತಿಲ್ಲ, ನನಗೆ ಹಾಗೆ ಅರ್ಥವಾಯಿತು ಅಷ್ಟೇ. ಸುರುಳಿಯ ನಟ್ಟನಡುವೆ ಎಲೆಕ್ಟ್ರಾನ್ ಕಿರಣ. ಅಲೆ ಕೆಲವು ಎಲೆಕ್ಟ್ರಾನುಗಳನ್ನು ತಳ್ಳುತ್ತದೆ, ಕೆಲವನ್ನು ತಡೆಯುತ್ತದೆ, ಅವು ಗುಂಪುಗೂಡುತ್ತವೆ. ಕಿರಣ ಅಲೆಗಿಂತ ಒಂದಿಷ್ಟು ಮುಂದೋಡುವಂತಿದ್ದರೆ ಆ ಗುಂಪುಗಳು ತಮ್ಮ ಶಕ್ತಿಯನ್ನು ಅಲೆಗೆ ಬಿಟ್ಟುಕೊಡುತ್ತವೆ. ಅಲೆ ಬೆಳೆಯುತ್ತಾ ಹೋಗುತ್ತದೆ. 1943ರಲ್ಲಿ ಕೊಳವೆ ಕೆಲಸ ಮಾಡಿತು.

ಈಗ ಪೇಟೆಂಟ್ ವಿಷಯ. ಹೇಫ್ 1933ರಲ್ಲೇ ಅರ್ಜಿ ಹಾಕಿದ್ದರು. ಅದರಲ್ಲಿ ಸುರುಳಿಯೂ ಇತ್ತು, ಕಿರಣವೂ ಇತ್ತು, ಆದರೆ ಅದು ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್ ಆಗಿರಲಿಲ್ಲ. ಅಮೆರಿಕದ ಆರ್‌ಸಿಎ ಕಂಪನಿಯ ಲಿಂಡೆನ್‌ಬ್ಲಾಡ್ 1940ರ ಮೇನಲ್ಲಿ ಅರ್ಜಿ ಹಾಕಿದರು. ಅವರದ್ದು ನಿಜಕ್ಕೂ ಆಂಪ್ಲಿಫೈಯರ್, 1942ರಲ್ಲಿ ಪೇಟೆಂಟೂ ಸಿಕ್ಕಿತು. ಆಂಪ್ಲಿಫೈಯರ್ ಮಟ್ಟಿಗೆ ತಾರೀಖು ನೋಡಿದರೆ ಕಾಂಫ್ನರ್‌ಗಿಂತ ಅವರೇ ಮೊದಲು, ಅನುಮಾನ ಇಲ್ಲ. ಆದರೆ ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಯುದ್ಧದ ಗುಟ್ಟಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಅದು ಯಾರೊಬ್ಬರ ತಪ್ಪೂ ಅಲ್ಲ.

ಕಾಂಫ್ನರ್ ಕೊಳವೆಗೂ ಅದೇ ಗತಿ ಆಗಬಹುದಿತ್ತು. ತಪ್ಪಿಸಿದವರು ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಜಾನ್ ಪಿಯರ್ಸ್. 1944ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರಿಗೆ ಈ ಸುದ್ದಿ ಸಿಕ್ಕಿತು. ಕಿರಣ ಚದುರದಂತೆ ಉದ್ದಕ್ಕೂ ಅಯಸ್ಕಾಂತ ಕ್ಷೇತ್ರ ಕೊಟ್ಟರು. ಕೊಳವೆ ತಾನೇ ಅಲೆ ಹುಟ್ಟಿಸಿ ಕೂಗಿಕೊಳ್ಳದಂತೆ ಸುರುಳಿಯ ಮೇಲೆ ಅಲೆಯನ್ನು ಒಂದಿಷ್ಟು ಹೀರಿಕೊಳ್ಳುವ ವಸ್ತು ಇಟ್ಟರು. ಲೆಕ್ಕಾಚಾರ ಬರೆದರು. ಕಾಂಫ್ನರ್ ಅದನ್ನು ಇನ್ವೆಂಟ್ ಮಾಡಿದರು, ನಾನು ಡಿಸ್ಕವರ್ ಮಾಡಿದೆ ಎಂಬರ್ಥದ ಮಾತನ್ನು ಪಿಯರ್ಸ್ ಆಮೇಲೆ ತಮಾಷೆಗೆ ಹೇಳಿದ್ದುಂಟು. ತಮಾಷೆಯಾದರೂ ನನಗೆ ಅದೇ ಸರಿ ಅನಿಸುತ್ತದೆ. ಪೇಟೆಂಟಿನ ಸಾಲಿಗಿಂತ ಅದು ಜಾಸ್ತಿ ಹೇಳುತ್ತದೆ.

ಕಾಂಫ್ನರ್ 1951ರ ಕೊನೆಗೆ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ಕೈಹಾಕಿದ ಕೆಲಸಗಳು: ಅಲೆ ಹುಟ್ಟಿಸುವ ಬ್ಯಾಕ್‌ವರ್ಡ್ ವೇವ್ ಆಸಿಲೇಟರ್, ಸಿಗ್ನಲ್ ಪ್ರತಿಫಲಿಸುವ ಎಕೋ ಬಲೂನು ಉಪಗ್ರಹ, ಟೆಲ್‌ಸ್ಟಾರ್ ಸಂಪರ್ಕ ಉಪಗ್ರಹ. ನಾಯ್ಸ್ ಇಳಿಸಲು ಹುಡುಕಿದ ಕೊಳವೆಗೆ ಬೆಲೆ ಬಂದದ್ದು ಇನ್ನೊಂದು ಗುಣದಿಂದ. ಅದರಲ್ಲಿ ಕ್ಲೈಸ್ಟ್ರಾನಿನಂತೆ ಒಂದೇ ಆವರ್ತನದ ಆಸುಪಾಸಿಗೆ ಸ್ಪಂದಿಸುವ ಅನುರಣನದ ಪೆಟ್ಟಿಗೆಗಳಿಲ್ಲ. ಹಾಗಾಗಿ ಅಗಲವಾದ ಆವರ್ತನ ಪಟ್ಟಿಯ ಸಿಗ್ನಲ್‌ಗಳನ್ನು ಒಟ್ಟಿಗೆ ದೊಡ್ಡದು ಮಾಡುತ್ತದೆ. ಟಿವಿ ಚಿತ್ರಕ್ಕೂ, ನೂರಾರು ಫೋನ್ ಕರೆಗಳನ್ನು ಒಟ್ಟಿಗೆ ಸಾಗಿಸುವುದಕ್ಕೂ ಬೇಕಾದದ್ದು ಅದೇ. 1962ರ ಜುಲೈ 10ರಂದು ಹಾರಿದ ಟೆಲ್‌ಸ್ಟಾರ್‌ನಲ್ಲಿ ಸಾವಿರಕ್ಕೂ ಮಿಕ್ಕಿ ಟ್ರಾನ್ಸಿಸ್ಟರುಗಳಿದ್ದವು. ಟ್ರಾನ್ಸಿಸ್ಟರ್ ಹುಟ್ಟಿದ್ದೂ ಬೆಲ್ ಲ್ಯಾಬ್ಸ್‌ನಲ್ಲೇ, ಆ ಹೆಸರು ಇಟ್ಟವರೂ ಪಿಯರ್ಸ್. ಆದರೂ ಭೂಮಿಗೆ ಸಿಗ್ನಲ್ ಕಳಿಸುವ ಕೊನೆಯ ಹಂತಕ್ಕೆ ಟೆಲ್‌ಸ್ಟಾರ್ ಕಟ್ಟಿದವರು ಒಂದೇ ಒಂದು ನಿರ್ವಾತ ಕೊಳವೆ ಇಟ್ಟರು. ಅದು ಟಿಡಬ್ಲ್ಯೂಟಿ.

ಕಾಂಫ್ನರ್ ತೀರಿಕೊಂಡದ್ದು 1977ರ ಡಿಸೆಂಬರಿನಲ್ಲಿ. ಅದಕ್ಕೆ ಕೆಲವು ತಿಂಗಳ ಮುಂಚೆ ಎರಡು ವಾಯೇಜರ್ ನೌಕೆಗಳು ಹೊರಟಿದ್ದವು, ಅವುಗಳ ಟ್ರಾನ್ಸ್‌ಮಿಟರುಗಳಲ್ಲೂ ಇದೇ ಸುರುಳಿ ತಂತಿಯ ಕೊಳವೆಗಳು.